ತೋಳೊಡ್ಡಿದ ಹುಡುಗಿಯರು

ನಮ್ಮ ಹೆಂಗಸರ ಕಾಯಿಲೆಗಳಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುವವು ಕೆಲವು, ಒಡಲಲ್ಲೇ ಮುಚ್ಚಿಟ್ಟುಕೊಳ್ಳುವವು ಹಲವು. ಗರ್ಭಕಂಠದ ಕ್ಯಾನ್ಸರ್ ಈ ಎರಡನೆಯ ಸಾಲಿನದು. ಮುಟ್ಟು ನಿಂತ ಮೇಲೆ ರಕ್ತ ಕಂಡರೂ 'ವಯಸ್ಸಾಯಿತಲ್ಲ' ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಡಾಕ್ಟರ ಬಳಿಗೆ ಹೋಗುವ ಹೊತ್ತಿಗೆ ಎಷ್ಟೋ ಸಲ ಕಾಲ ಮಿಂಚಿರುತ್ತದೆ.

ಈ ಕಾಯಿಲೆಯ ಮೂಲ ಒಂದು ವೈರಸ್ ಎಂದು ತೋರಿಸಿದವರು ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್. 1983-84ರಲ್ಲಿ ಅವರು ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ 16 ಮತ್ತು 18ನೇ ತಳಿಗಳನ್ನು ಈ ಗಡ್ಡೆಗಳಲ್ಲಿ ಗುರುತಿಸಿದರು. 1991ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಇಯಾನ್ ಫ್ರೇಜರ್ ಮತ್ತು ಚೀನಾ ಮೂಲದ ಜಿಯಾನ್ ಝೌ ವೈರಸ್ಸಿನ ಹೊರಕವಚವನ್ನಷ್ಟೇ ಕಟ್ಟಿ ನಿಲ್ಲಿಸಿದರು. ತಿರುಳಿಲ್ಲದ ಕಾಯಿಯಂಥದು ಅದು. ಸೋಂಕು ತರಲಾರದು, ಆದರೆ ಶತ್ರುವಿನ ಗುರುತನ್ನು ಮೈಗೆ ಕಲಿಸುತ್ತದೆ. ಝೌ 1999ರಲ್ಲೇ ತೀರಿಕೊಂಡರು. ಲಸಿಕೆ ಬಳಕೆಗೆ ಬಂದದ್ದನ್ನು ಅವರು ಕಾಣಲಿಲ್ಲ.

ವಿಜ್ಞಾನಿಗಳ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ಪರೀಕ್ಷೆಗೆ ತೋಳೊಡ್ಡಿದವರ ಹೆಸರು? ಅಮೆರಿಕದಲ್ಲಿ 1998ರಲ್ಲಿ ಶುರುವಾದ, ಲಾರಾ ಕೌಟ್ಸ್ಕಿ ಮುಂದೆ ನಿಂತು ನಡೆಸಿದ ಪರೀಕ್ಷೆಗೆ 16ರಿಂದ 23 ವರ್ಷದ 2,392 ಯುವತಿಯರು ಸೇರಿದರು. ಆರು ತಿಂಗಳಲ್ಲಿ ಮೂರು ಚುಚ್ಚುಮದ್ದು. ಅರ್ಧದಷ್ಟು ಮಂದಿಗೆ ಲಸಿಕೆ, ಉಳಿದವರಿಗೆ ಲಸಿಕೆಯಿಲ್ಲದ ಬರಿಯ ಸೂಜಿ. ತನಗೆ ಬಂದದ್ದು ಯಾವುದೆಂದು ಯಾರಿಗೂ ತಿಳಿಯದು. 2002ರಲ್ಲಿ ಫಲಿತಾಂಶ ಬಂತು. ಬರಿಯ ಸೂಜಿಯವರಲ್ಲಿ 41 ಮಂದಿಗೆ 16ನೇ ತಳಿಯ ಸೋಂಕು ನೆಲೆಯೂರಿತ್ತು. ಲಸಿಕೆ ಪಡೆದವರಲ್ಲಿ ಒಬ್ಬರಿಗೂ ಇರಲಿಲ್ಲ. 2006ರಲ್ಲಿ ಅಲ್ಲಿ ಲಸಿಕೆಗೆ ಪರವಾನಗಿ ಸಿಕ್ಕಿತು.

ನಮ್ಮ ದೇಶದ ಕಥೆ ಇಷ್ಟು ಸರಳವಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ, ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಸುಮಾರು 23,000 ಹುಡುಗಿಯರಿಗೆ ಪ್ರಾಯೋಗಿಕ ಯೋಜನೆಯೊಂದರಲ್ಲಿ ಈ ಲಸಿಕೆ ಹಾಕಲಾಯಿತು. ಅವರಲ್ಲಿ ಏಳು ಮಂದಿ ತೀರಿಕೊಂಡರು. 2010ರ ಏಪ್ರಿಲಿನಲ್ಲಿ ಸರ್ಕಾರ ಯೋಜನೆಯನ್ನು ನಿಲ್ಲಿಸಿತು. ಸಾವಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲವೆಂದು ತನಿಖಾ ಸಮಿತಿ ಹೇಳಿತು. ಆದರೆ ಆಂಧ್ರದ 9,543 ಒಪ್ಪಿಗೆಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು! 2013ರಲ್ಲಿ ಸಂಸದೀಯ ಸಮಿತಿಯೂ ಇದನ್ನು ಖಂಡಿಸಿತು. ಟೀಚರಮ್ಮ ಹೇಳಿದರೆಂದರೆ ತಾಯಂದಿರು ಓದದೆಯೇ ಹೆಬ್ಬೆಟ್ಟು ಒತ್ತುತ್ತಾರೆ ಎಂಬುದು ನನ್ನಂಥವಳಿಗೆ ಚೆನ್ನಾಗಿ ಗೊತ್ತು. ಇಲ್ಲಿ ಅದನ್ನೂ ಕೇಳದೆ ಹೋದರಲ್ಲ!

ಅದೇ ಕಾಲಕ್ಕೆ ಭಾರತದಲ್ಲಿ ಇನ್ನೊಂದು ಅಧ್ಯಯನ ನಡೆದಿತ್ತು. ಮೂರು ಚುಚ್ಚುಮದ್ದಿನ ಬದಲು ಎರಡು ಸಾಕೇ ಎಂದು ನೋಡುವುದು ಅದರ ಉದ್ದೇಶ. ಸರ್ಕಾರದ ಆದೇಶದಿಂದ ಅಲ್ಲೂ ಲಸಿಕೆ ನಿಂತಿತು. ಸುಮಾರು 5,000 ಹುಡುಗಿಯರಿಗೆ ಒಂದೇ ಒಂದು ಸೂಜಿ ಸಿಕ್ಕಿತ್ತು. ಹತ್ತು ವರ್ಷ ಗಮನಿಸಿ ನೋಡಿದರೆ, ಆ ಒಂದೇ ಸೂಜಿ ಮೂರರಷ್ಟೇ ಕಾವಲು ಕಾದಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಳೆಯ ಹುಡುಗಿಯರಿಗೆ ಒಂದೇ ಡೋಸ್ ಸಾಕಾಗಬಹುದೆಂದು ಹೇಳಿದ್ದರ ಹಿಂದೆ ನಮ್ಮ ಈ ಮಕ್ಕಳೂ ಇದ್ದಾರೆ. ಭಾರತದಲ್ಲೇ ತಯಾರಾದ ಸರ್ವಾವ್ಯಾಕ್‌ಗೆ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷ.

ಲಸಿಕೆ ಒಳ್ಳೆಯದೇ. ಒಳ್ಳೆಯದೆಂಬ ಕಾರಣಕ್ಕೆ ಕೇಳದೆ ಚುಚ್ಚಬಹುದೇ? ನಿಮ್ಮ ಮಗಳ ಶಾಲೆಯಿಂದ ಇಂಥ ಕಾಗದ ಬಂದರೆ ಓದಿ, ಡಾಕ್ಟರನ್ನು ಕೇಳಿ, ಮಗಳಿಗೂ ಬಿಡಿಸಿ ಹೇಳಿ. ಆಮೇಲೆ ನಿಮ್ಮ ಕೈಯಿಂದಲೇ ಸಹಿ ಹಾಕಿ. ಹಾಗೆಯೇ ನಿಮ್ಮ ತಪಾಸಣೆಯನ್ನೂ ಮುಂದೂಡಬೇಡಿ.