ದತ್ತಕವೂ ವಿವಾಹವಿಚ್ಛೇದವೂ: ರೋಮಕ ರಾಣಿ ಆಕ್ಟೇವಿಯಾಳ ವೃತ್ತಾಂತ

ರೋಮಕರ ವ್ಯವಹಾರಧರ್ಮದಲ್ಲಿ ವಿವಾಹವಿಚ್ಛೇದವು ಸುಲಭವಾದ ಕಾರ್ಯವಾಗಿದ್ದಿತು. ದಂಪತಿಗಳಲ್ಲಿ ಒಬ್ಬರು ಕೂಡಿ ಬಾಳುವ ಸಂಕಲ್ಪವನ್ನು ಬಿಟ್ಟರೆ ವಿವಾಹವು ಮುಗಿಯುತ್ತಿದ್ದಿತು. ಅದಕ್ಕೆ ನ್ಯಾಯಸ್ಥಾನದ ಅಪ್ಪಣೆ ಬೇಕಾಗಿರಲಿಲ್ಲ. ಇಂತಹ ಪದ್ಧತಿಯಲ್ಲಿ ಪತ್ನಿಗೆ ಆಶ್ರಯವಾಗಿದ್ದುವು ಎರಡು: ಒಂದು ತವರುಮನೆ, ಮತ್ತೊಂದು ಬಳುವಳಿ. ಸಾಮ್ರಾಜ್ಯಕಾಲದ ವೇಳೆಗೆ ವಿವಾಹಿತೆಯು ಸಾಮಾನ್ಯವಾಗಿ ಪತಿಯ ಕುಲವನ್ನು ಸೇರದೆ ತಂದೆಯ ಅಧಿಕಾರದಲ್ಲಿಯೇ ಉಳಿಯುತ್ತಿದ್ದಳು; ಆದುದರಿಂದ ವಿಚ್ಛೇದವಾದಾಗ ಅವಳಿಗೆ ಹಿಂದಿರುಗಲು ಮನೆಯಿದ್ದಿತು. ಬಳುವಳಿಯನ್ನು ಪತಿಯು ನಿಯತವಾದ ಕೆಲವು ಅಂಶಗಳನ್ನು ಕಳೆದು ಹಿಂದಕ್ಕೆ ಕೊಡಬೇಕಾಗಿದ್ದಿತು. ಈ ಎರಡು ಆಶ್ರಯಗಳೂ ಒಮ್ಮೆಗೇ ಇಲ್ಲವಾಗುವ ಸಂದರ್ಭವೊಂದುಂಟು. ಅಳಿಯನೇ ಮಾವನಿಗೆ ದತ್ತಪುತ್ರನಾಗಿ ಆ ಮನೆಗೆ ಒಡೆಯನಾದರೆ, ಅವನು ತ್ಯಜಿಸಿದ ಪತ್ನಿಗೆ ತವರೆಂಬುದು ಎಲ್ಲಿರುತ್ತದೆ? ಕ್ಲಾಡಿಯಸ್ ಚಕ್ರವರ್ತಿಯ ಮಗಳಾದ ಆಕ್ಟೇವಿಯಾಳ ಚರಿತ್ರೆಯು ಈ ಪ್ರಶ್ನೆಗೆ ಉತ್ತರವಾಗಿದೆ. ಟ್ಯಾಸಿಟಸ್, ಸ್ಯೂಟೋನಿಯಸ್, ಡಿಯೋ ಕಾಸಿಯಸ್ ಎಂಬ ಮೂವರು ಇತಿಹಾಸಕಾರರೂ ಇದನ್ನು ಬರೆದಿಟ್ಟಿರುತ್ತಾರೆ.

ಕ್ರಿ. ಶ. ೪೮ರಲ್ಲಿ ಆಕ್ಟೇವಿಯಾಳ ತಾಯಿ ಮೆಸ್ಸಲೀನಾ ವಧೆಗೊಂಡಳು. ಮರುವರ್ಷ ಕ್ಲಾಡಿಯಸನು ತನ್ನ ಅಣ್ಣನ ಮಗಳಾದ ಅಗ್ರಿಪ್ಪಿನಾಳನ್ನು ವರಿಸಿದನು. ಅಗ್ರಿಪ್ಪಿನಾಳಿಗೆ ಪೂರ್ವಪತಿಯಿಂದ ಜನಿಸಿದ ಮಗನೊಬ್ಬನಿದ್ದನು. ಕ್ಲಾಡಿಯಸನಿಗೆ ಬ್ರಿಟಾನಿಕಸನೆಂಬ ಔರಸಪುತ್ರನಿದ್ದರೂ, ಕ್ರಿ. ಶ. ೫೦ನೆಯ ಫೆಬ್ರವರಿ ೨೫ರಂದು ಚಕ್ರವರ್ತಿಯು ಈ ಬಾಲಕನನ್ನು ದತ್ತಕವಾಗಿ ಸ್ವೀಕರಿಸಿದನು. ಡೊಮಿಷಿಯಸ್ ಕುಲದವನಾಗಿದ್ದ ಅವನು ಅಂದಿನಿಂದ ಕ್ಲಾಡಿಯಸ್ ಕುಲದ ನೀರೋ ಆದನು. ಕ್ಲಾಡಿಯಸರ ಉಚ್ಚವಂಶದಲ್ಲಿ ಅದಕ್ಕೆ ಹಿಂದೆ ದತ್ತಕವೇ ನಡೆದಿರಲಿಲ್ಲವೆಂದು ಬಲ್ಲವರು ಆಗ ಹೇಳಿಕೊಂಡರೆಂದು ಟ್ಯಾಸಿಟಸನು ತಿಳಿಸುತ್ತಾನೆ. ಕ್ರಿ. ಶ. ೫೩ರಲ್ಲಿ ನೀರೋವಿಗೂ ಆಕ್ಟೇವಿಯಾಳಿಗೂ ವಿವಾಹವಾಯಿತು.

ಇಲ್ಲಿ ಧರ್ಮಶಾಸ್ತ್ರದ ತೊಡಕೊಂದು ಎದುರಾಯಿತು. ದತ್ತಕದಿಂದ ನೀರೋ ಆಕ್ಟೇವಿಯಾಳಿಗೆ ಸೋದರನಾದನು. ದತ್ತಸಂಬಂಧವಿರುವವರೆಗೆ ಅಂತಹ ಸೋದರಸೋದರಿಯರ ವಿವಾಹವು ಸಲ್ಲದೆಂದು ೨ನೆಯ ಶತಮಾನದ ಗಾಯಸನು ಹೇಳುತ್ತಾನೆ. ಅಳಿಯನನ್ನು ದತ್ತಕ ಪಡೆಯಬಯಸುವವನು ಮೊದಲು ಮಗಳನ್ನು ತನ್ನ ಅಧಿಕಾರದಿಂದ ಬಿಡುಗಡೆ ಮಾಡಬೇಕೆಂದು ಕ್ರಿ. ಶ. ೫೩೩ರ ಜಸ್ಟಿನಿಯನನ ಧರ್ಮಸಂಗ್ರಹವು ವಿಧಿಸುತ್ತದೆ. ಕ್ಲಾಡಿಯಸನು ಹಿಡಿದ ದಾರಿಯೂ ಇದಕ್ಕೆ ಸಮೀಪವಾದುದು. ಸೋದರಸೋದರಿಯರಿಗೆ ಮದುವೆ ಮಾಡಿದನೆಂಬ ಅಪವಾದ ತಟ್ಟದಂತೆ ಅವನು ಮಗಳನ್ನು ಬೇರೊಂದು ಕುಟುಂಬಕ್ಕೆ ದತ್ತಕವಾಗಿ ಕೊಟ್ಟನೆಂದು ಡಿಯೋ ಹೇಳುತ್ತಾನೆ. ಹೀಗೆ ಒಂದೇ ವಿವಾಹಕ್ಕಾಗಿ ಎರಡು ದತ್ತಕಗಳು ನಡೆದುವು: ಹೊರಗಿನ ಮಗನು ಒಳಕ್ಕೆ ಬಂದನು, ಒಳಗಿನ ಮಗಳು ಹೊರಕ್ಕೆ ಹೋದಳು.

ಭರತಖಂಡದ ಪದ್ಧತಿಯೊಡನೆ ಹೋಲಿಸಿದರೆ ಇದರ ವೈಲಕ್ಷಣ್ಯವು ಸ್ಪಷ್ಟವಾಗುತ್ತದೆ. ಕನ್ನಡನಾಡಿನಲ್ಲಿ ಗಂಡುಸಂತಾನವಿಲ್ಲದ ಮನೆಯು ಮನೆಯಳಿಯನನ್ನು ಇರಿಸಿಕೊಳ್ಳುವುದುಂಟು. ಆದರೆ ಅವನು ಅಳಿಯನಾಗಿಯೇ ಉಳಿಯುತ್ತಾನೆ, ಮನೆ ಮಗಳದು. ದತ್ತಪುತ್ರನಾದರೋ ಆ ಮನೆಯ ಮಗಳಿಗೆ ಸೋದರನೇ ಆಗುತ್ತಾನೆ. ೧೯೫೫ರ ಹಿಂದೂ ವಿವಾಹ ಕಾಯಿದೆಯೂ ನಿಷಿದ್ಧ ಸಂಬಂಧಗಳನ್ನು ಎಣಿಸುವಲ್ಲಿ ರಕ್ತಸಂಬಂಧದೊಡನೆ ದತ್ತಸಂಬಂಧವನ್ನೂ ಸೇರಿಸುತ್ತದೆ. ಅಳಿಯತನವನ್ನೂ ಪುತ್ರತ್ವವನ್ನೂ ಒಬ್ಬನಲ್ಲಿಯೇ ಕೂಡಿಸಲು ರೋಮಿನಲ್ಲಿ ದಾರಿಯಿದ್ದಿತು. ಅದರ ಬೆಲೆಯನ್ನು ತೆತ್ತವಳು ಮಗಳು.

ಕ್ರಿ. ಶ. ೫೪ರಲ್ಲಿ ಕ್ಲಾಡಿಯಸನು ಮಡಿದು ನೀರೋ ಪಟ್ಟವೇರಿದನು. ೫೫ರಲ್ಲಿ ಬ್ರಿಟಾನಿಕಸನು ಭೋಜನದ ಪಂಕ್ತಿಯಲ್ಲಿಯೇ ವಿಷದಿಂದ ಸತ್ತನು. ಎದುರಿಗಿದ್ದ ಸೋದರಿಯು ಶೋಕವನ್ನು ಮುಖದಲ್ಲಿ ತೋರಗೊಡಲಿಲ್ಲವೆಂದು ಟ್ಯಾಸಿಟಸನು ಬರೆಯುತ್ತಾನೆ. ೫೯ರಲ್ಲಿ ಅಗ್ರಿಪ್ಪಿನಾಳೂ ಹತಳಾದಳು. ನೀರೋ ಪತ್ನಿಯನ್ನು ತ್ಯಜಿಸುವ ಮಾತೆತ್ತಿದಾಗ ಅಂಗರಕ್ಷಕದಳದ ನಾಯಕನಾದ ಬರ್ರಸನು, ಹಾಗಾದರೆ ಅವಳ ಬಳುವಳಿಯನ್ನೂ ಹಿಂದಕ್ಕೆ ಕೊಡಬೇಕಲ್ಲವೇ ಎಂದನಂತೆ. ಬಳುವಳಿಯೆಂದರೆ ಸಾಮ್ರಾಜ್ಯವೆಂದು ಡಿಯೋವಿನ ವಿವರಣೆ. ಧರ್ಮಶಾಸ್ತ್ರದಂತೆ ರಾಜ್ಯವು ಬಳುವಳಿಯಲ್ಲ. ಆದರೂ ಅಳಿಯನಿಗೆ ಮಾವನಿಂದ ಬಂದುದು ರಾಜ್ಯವೇ ಆಗಿದ್ದುದರಿಂದ ಆ ವ್ಯಂಗ್ಯವು ನಾಟುವಂತಹುದಾಗಿದ್ದಿತು.

೬೨ರಲ್ಲಿ ಬರ್ರಸನು ತೀರಿಕೊಂಡನು. ಒಡನೆಯೇ ನೀರೋ ಬಂಜೆತನದ ನೆಪವೊಡ್ಡಿ ಆಕ್ಟೇವಿಯಾಳನ್ನು ಬಿಟ್ಟನು. ಹನ್ನೆರಡನೆಯ ದಿನ ಪಾಪ್ಪಿಯಾಳನ್ನು ವರಿಸಿದನೆಂದು ಸ್ಯೂಟೋನಿಯಸನ ಲೆಕ್ಕ. ತವರಿನ ಸ್ಥಾನದಲ್ಲಿ ಆಕ್ಟೇವಿಯಾಳಿಗೆ ದೊರೆತುದು ಸತ್ತ ಬರ್ರಸನ ಮನೆ, ಮತ್ತು ನೀರೋವಿನಿಂದ ಹತನಾದ ಪ್ಲಾಟಸನ ಭೂಮಿ. ತಂದೆಯ ಅರಮನೆಯಲ್ಲಿ ಈಗ ಪತಿಯಾಗಿದ್ದವನೂ ಸವತಿಯೂ ಇದ್ದರು. ಬಳಿಕ ಅವಳನ್ನು ಕಾವಲಿನೊಡನೆ ಕಂಪಾನಿಯಾ ಪ್ರಾಂತಕ್ಕೆ ಕಳುಹಿದರು. ರೋಮಿನ ಜನರು ಬಹಿರಂಗವಾಗಿ ಮರುಗಿದರು. ಅವಳನ್ನು ಮರಳಿ ಕರೆಸಿದರೆಂಬ ವದಂತಿ ಹಬ್ಬಿದಾಗ ಪಾಪ್ಪಿಯಾಳ ಪ್ರತಿಮೆಗಳನ್ನು ಉರುಳಿಸಿ ಆಕ್ಟೇವಿಯಾಳವನ್ನು ಹೆಗಲ ಮೇಲೆ ಹೊತ್ತು ನಲಿದರು. ಬಂಜೆತನವು ದೋಷವಲ್ಲ, ಅದಕ್ಕಾಗಿ ಬಿಟ್ಟ ಪತ್ನಿಯ ಹಕ್ಕು ಅಳಿಯುವುದಿಲ್ಲ. ವ್ಯಭಿಚಾರವಾದರೋ ಆಗಸ್ಟಸನ ಶಾಸನದಂತೆ ಬಳುವಳಿಯ ಅರ್ಧವನ್ನೂ ಸ್ವತ್ತಿನ ಮೂರರಲ್ಲೊಂದು ಭಾಗವನ್ನೂ ಕಳೆದು ದ್ವೀಪಕ್ಕೆ ಅಟ್ಟುವ ಅಪರಾಧ. ಆದುದರಿಂದ ನೌಕಾದಳದ ಅಧಿಪತಿ ಅನಿಕೇಟಸನಿಂದ ಸುಳ್ಳು ತಪ್ಪೊಪ್ಪಿಗೆಯನ್ನು ಹೇಳಿಸಲಾಯಿತು. ಬಂಜೆಯೆಂದು ಬಿಟ್ಟವಳು ಗರ್ಭಪಾತ ಮಾಡಿಕೊಂಡಳೆಂದು ನೀರೋ ಸಾರಿದನು. ತಾನೇ ಮೊದಲು ಹೇಳಿದುದನ್ನು ಅವನು ಮರೆತಿದ್ದನೆಂದು ಟ್ಯಾಸಿಟಸನ ಕಟಕಿ.

ಆಕ್ಟೇವಿಯಾಳನ್ನು ಪಂಡಟೇರಿಯಾ ದ್ವೀಪದಲ್ಲಿಟ್ಟು, ಕೆಲವು ದಿನಗಳಲ್ಲಿಯೇ ಸಾಯಬೇಕೆಂದು ಆಜ್ಞಾಪಿಸಿದರು. ಆಗ ಅವಳು ಆಡಿದ ಮಾತು ಗಮನಾರ್ಹವಾದುದು. ತಾನು ಈಗ ಪತಿಯಿಲ್ಲದವಳು, ಕೇವಲ ಸೋದರಿ ಎಂದು ಹೇಳಿಕೊಂಡು, ಇಬ್ಬರಿಗೂ ಸಮಾನರಾದ ಜರ್ಮಾನಿಕಸರ ಹೆಸರೆತ್ತಿ ಬೇಡಿದಳೆಂದು ಟ್ಯಾಸಿಟಸನು ತಿಳಿಸುತ್ತಾನೆ. ಸೆನೆಕನ ಹೆಸರಿನಲ್ಲಿ ಉಳಿದುಬಂದಿರುವ 'ಆಕ್ಟೇವಿಯಾ' ನಾಟಕದಲ್ಲಿಯೂ ಈ ಸೋದರಿಯ ಮಾತು ಬರುತ್ತದೆ. ಪತ್ನಿತ್ವವು ಮುರಿದರೂ ದತ್ತಸಂಬಂಧವು ಮುರಿಯದೆಂಬುದೇ ಅವಳ ಕೊನೆಯ ಆಧಾರ. ಆದರೆ ಡಿಯೋವಿನ ಮಾತು ನಿಜವಾಗಿದ್ದರೆ, ವಿವಾಹವು ಸಿಂಧುವಾಗಲೆಂದು ಆ ಸೋದರೀತ್ವವನ್ನು ಧರ್ಮಶಾಸ್ತ್ರದ ದೃಷ್ಟಿಯಲ್ಲಿ ಮೊದಲೇ ಅಳಿಸಿದ್ದರು. ಪತ್ನಿಯಾಗುವುದಕ್ಕೆ ಸೋದರಿಯ ಸ್ಥಾನವನ್ನು ತೆತ್ತವಳು, ಪತ್ನಿಯ ಸ್ಥಾನ ಹೋದಾಗ ಅದನ್ನು ಮರಳಿ ಪಡೆಯಲಾರದೆ ಹೋದಳು. ಜೂನ್ ೯ರಂದು ಅವಳ ನರಗಳನ್ನು ಕೊಯ್ದು ಬಿಸಿಹಬೆಯಲ್ಲಿ ಉಸಿರುಗಟ್ಟಿಸಿ ಕೊಂದರು. ಆಗ ಅವಳಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು.

ಒಂದು ಶತಮಾನದ ತರುವಾಯ ಇಂತಹುದೇ ಸನ್ನಿವೇಶವು ಮತ್ತೆ ಒದಗಿತು. ಕ್ರಿ. ಶ. ೧೩೮ರಲ್ಲಿ ಆಂಟೊನೈನಸ್ ಪಯಸನಿಗೆ ದತ್ತಪುತ್ರನಾದ ಮಾರ್ಕಸ್ ಅರೀಲಿಯಸನು ೧೪೫ರಲ್ಲಿ ಅವನ ಮಗಳಾದ ಫಾಸ್ಟಿನಾಳನ್ನು ವರಿಸಿದನು. ಅವಳನ್ನು ಬಿಡಬೇಕೆಂದು ಕೆಲವರು ಸೂಚಿಸಿದಾಗ, ಪತ್ನಿಯನ್ನು ಕಳುಹಿದರೆ ಬಳುವಳಿಯನ್ನೂ ಕೊಡಬೇಕಾಗುವುದೆಂದು ಅವನು ಉತ್ತರಿಸಿದನಂತೆ. ಇದನ್ನು ಹೇಳುವ 'ಹಿಸ್ಟೋರಿಯಾ ಆಗಸ್ಟಾ' ಎಂಬ ಗ್ರಂಥವು ಅಷ್ಟು ವಿಶ್ವಾಸಾರ್ಹವಲ್ಲ. ಆದರೂ ಒಂದೇ ಮಾತು ಎರಡು ಕಡೆ ಹುಟ್ಟಿಕೊಂಡಿರುವುದರಿಂದ, ದತ್ತಪುತ್ರನಾದ ಅಳಿಯನಿಗೆ ಪತ್ನಿಯ ಋಣವು ಉಳಿದವರಿಗಿಂತ ಹೆಚ್ಚೆಂಬ ಲೋಕಾಭಿಪ್ರಾಯವಿದ್ದಿತೆಂದು ಊಹಿಸಬಹುದು. ಆ ಋಣವನ್ನು ರಕ್ಷಿಸಲು ಲೋಕಾಭಿಪ್ರಾಯವಿದ್ದಿತೇ ಹೊರತು ಶಾಸನವಿರಲಿಲ್ಲ. ಆಕ್ಟೇವಿಯಾಳ ಮರಣಕ್ಕೆ ನೀರೋವಿನ ಕ್ರೌರ್ಯವೇ ಕಾರಣವೆಂಬುದು ನಿಜ. ಆದರೆ ಆ ಕ್ರೌರ್ಯಕ್ಕೆ ಅಡ್ಡವಾಗಬಹುದಾಗಿದ್ದ ತವರನ್ನು ಹನ್ನೆರಡು ವರ್ಷಗಳ ಹಿಂದೆಯೇ ದತ್ತಕವಿಧಿಯು ಅವಳಿಂದ ತೆಗೆದು ಅವನಿಗೆ ಕೊಟ್ಟಿದ್ದಿತು.