ಬಿಳಿ ಮೀನಿನ ಲೆಡ್ಜರ್

ಭಾಗ 1/4
ಲೆಡ್ಜರ್ ಅಂದ್ರೆ ಆಕಳಿಸೋ ನನ್ನ ಬಿಕಾಂ ಗೆಳೆಯರೇ, ಇವತ್ತು ಒಂದು ಮೀನಿನ ಲೆಡ್ಜರ್ ಕಥೆ. ಕೊನೇವರೆಗೂ ಓದಿ.
ಶಿವನಸಮುದ್ರ ದಾಟಿ ಮೇಕೆದಾಟು ಕಡೆ ಹರಿಯೋ ಕಾವೇರೀಲಿ ಬಿಳಿ ಮೀನು ಅಂತಿದೆ. ಇಂಗ್ಲಿಷರು ಕರೆದಿದ್ದು ಮಹಶೀರ್. ಸಾಲ್ಮನ್‌ಗಿಂತ ಇದರ ಜಗ್ಗಾಟವೇ ಜೋರು ಅಂತ ಮದ್ರಾಸ್ ಪ್ರಾಂತ್ಯದ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್ 1873ರಲ್ಲೇ ಪುಸ್ತಕ ಬರೆದಿದ್ದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರಿಗೆ ಕಬಿನಿಯಲ್ಲಿ ಸಿಕ್ಕಿದ್ದು 120 ಪೌಂಡ್ ತೂಕದ್ದು. ಅಂದ್ರೆ ಸುಮಾರು 54 ಕೆಜಿ. ನನಗಿಂತ ಬರೀ 3 ಕೆಜಿ ಕಮ್ಮಿ!

ಭಾಗ 2/4
ಸ್ವಾತಂತ್ರ್ಯ ಬಂದ್ಮೇಲೆ ಈ ಮೀನನ್ನ ಹೊರಗಿನವರು ಬಹುಪಾಲು ಮರೆತೇಬಿಟ್ರು. ಇತ್ತ ಹೊಳೇಲಿ ತೋಟೆ ಸಿಡಿಸಿ ಮೀನು ಹಿಡಿಯೋದು ನಡೀತಿತ್ತು. 1970ರ ದಶಕದ ಕೊನೇಲಿ ಬ್ರಿಟನ್ನಿನ ಒಂದಿಷ್ಟು ಹುಡುಗರು ಗಾಳ ಹಿಡ್ಕೊಂಡು ಹುಡುಕುತ್ತಾ ಬಂದ್ರು, ದೊಡ್ಡ ಮೀನು ಇನ್ನೂ ಇದೆ ಅಂತ ಗೊತ್ತಾಯ್ತು. ಆಮೇಲೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯಲ್ಲಿ ಕ್ಯಾಂಪ್‌ಗಳು ಶುರುವಾದ್ವು. ನಿಯಮ ಒಂದೇ: ಹಿಡಿ, ತೂಕ ನೋಡು, ವಾಪಸ್ ಬಿಡು.
ಗೈಡ್‌ಗಳು ಯಾರು ಗೊತ್ತಾ? ಹೊಳೆದಂಡೆಯ ಊರವರು. ಮೊದಲು ಕದ್ದು ಮೀನು ಹಿಡಿತಿದ್ದವರೂ ಅವರಲ್ಲಿದ್ರು. ಮಳೆಗಾಲದ ನೀರು ಇಳಿದ ಮೇಲೆ, ಚಳಿಗಾಲದಿಂದ ಬೇಸಿಗೆವರೆಗೆ ಸೀಸನ್. ಬೇಯಿಸಿದ ರಾಗಿಹಿಟ್ಟಿನ ಉಂಡೆಯನ್ನ ಗಾಳಕ್ಕೆ ಹಾಕೋದು, ತೆಪ್ಪ ನಡೆಸೋದು, ದಾರ ಬಂಡೆಗೆ ಸಿಕ್ಕಿದ್ರೆ ಬಿಡಿಸೋದು, ಎಲ್ಲಾ ಅವರೇ. ದೂರದೇಶದ ದುಬಾರಿ ರಾಡು, ತುದೀಲಿ ನಮ್ಮ ರಾಗಿ!

ಭಾಗ 3/4
ಈಗ ಲೆಡ್ಜರ್. ಗಾಳಿಬೋರೆ ಕ್ಯಾಂಪಲ್ಲಿ ಪ್ರತಿ ಮೀನನ್ನೂ ಬರೆದಿಡ್ತಿದ್ರು. 1998ರಿಂದ 2012ರವರೆಗೆ ಆರು ಸಾವಿರಕ್ಕೂ ಹೆಚ್ಚು ಎಂಟ್ರಿ. ವಿಜ್ಞಾನಿಗಳು ಕೂತು ಲೆಕ್ಕ ನೋಡಿದ್ರೆ ಒಟ್ಟು ಸಂಖ್ಯೆ ಏರ್ತಾ ಇತ್ತು. ಖುಷಿ ಪಡ್ಬೇಕಲ್ವಾ?
ಇಲ್ಲ. ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಅದರ ಮರಿಗಳನ್ನ ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿ ತಂದು ಕಾವೇರಿಗೆ ಬಿಟ್ಟಿದ್ರು, ಒಳ್ಳೇದಾಗ್ಲಿ ಅಂತಲೇ. ಇಲ್ಲಿಯದೇ ಆದ, ಗೂನು ಬೆನ್ನಿನ ದೊಡ್ಡ ಬಿಳಿ ಮೀನು ಮಾತ್ರ ಪುಟದಿಂದ ಪುಟಕ್ಕೆ ಕಾಣೆಯಾಗ್ತಾ ಹೋಯ್ತು. ಟೋಟಲ್ ಸರಿ ಇದೆ, ಒಳಗಿನ ಒಂದು ಖಾತೆ ಖಾಲಿ.

ಭಾಗ 4/4
ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಗಾಳ ಹಾಕೋದೂ ಬೇಟೆ ಅಂತಾಗಿ ಅಲ್ಲಿ ಮೀನುಗಾರಿಕೆ ನಿಂತಿತು. ಗೈಡ್‌ಗಳ ಆ ಕೆಲಸ ಹೋಯ್ತು, ಲೆಡ್ಜರೂ ಮುಚ್ಚಿತು. ಕಾನೂನಿನ ಕಾಳಜಿ ನನಗೆ ಅರ್ಥವಾಗುತ್ತೆ. ಆದ್ರೆ ದಿನಾ ಹೊಳೆ ನೋಡ್ತಿದ್ದ ಕಣ್ಣುಗಳೂ ಅದರ ಜೊತೆ ಹೋದ್ವಲ್ಲ ಅಂತ ಬೇಜಾರು.
ಇನ್ನೊಂದು ವಿಷ್ಯ. ಇಷ್ಟು ಪ್ರಸಿದ್ಧ ಮೀನಿಗೆ ಒಂದು ಖಚಿತ ವೈಜ್ಞಾನಿಕ ಹೆಸರೇ ಇರ್ಲಿಲ್ಲ. 2018ರಲ್ಲಿ ಇದು ಟಾರ್ ರೆಮದೇವಿ ಅಂತ ಗುರುತಾಯ್ತು. ಅದೇ ವರ್ಷ ಅಳಿವಿನ ತೀರಾ ಅಂಚಲ್ಲಿರೋ ಜೀವಿಗಳ ಕೆಂಪು ಪಟ್ಟಿಗೂ ಸೇರ್ತು. ಹೆಸರಿಲ್ಲದ್ದನ್ನ ಪಟ್ಟಿಗೆ ಸೇರಿಸೋದಾದ್ರೂ ಹೇಗೆ?
ನಿಮ್ಮೂರ ಹೊಳೇಲಿ ಯಾವ ಮೀನಿದೆ? ಅಜ್ಜನ ಹತ್ರ ಕೇಳಿ, ಊರ ಹೆಸರಲ್ಲೇ ಕಾಮೆಂಟ್ ಮಾಡಿ. ನಮ್ಮ ಲೆಡ್ಜರ್ ಇಲ್ಲಿಂದ ಶುರುವಾಗ್ಲಿ.