ತಲೆಮಾರು ದಾಟಿದ ಆಂಪ್ಲಿಫೈಯರ್: ಬಾಳಿಕೆಯ ಒಂದು ಚರಿತ್ರೆ

ಎರಡನೆಯ ಮಹಾಯುದ್ಧದ ನಂತರದ ಎರಡು ದಶಕಗಳಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ತಯಾರಾದ ಉತ್ತಮ ದರ್ಜೆಯ ಮನೆಬಳಕೆಯ ಆಂಪ್ಲಿಫೈಯರುಗಳಲ್ಲಿ ಅನೇಕವು, ಕೊಂಡವರ ಕಾಲ ಮುಗಿದು ಮಕ್ಕಳ ಕೈ ಸೇರಿದ ಮೇಲೂ ಕೆಲಸ ಮಾಡುತ್ತಲೇ ಇವೆ. ಗ್ರಾಮಫೋನ್ ತಟ್ಟೆಯ ಮುಳ್ಳಿನಿಂದಲೋ ರೇಡಿಯೊದಿಂದಲೋ ಬರುವ ಕ್ಷೀಣ ವಿದ್ಯುತ್ ಸಂಕೇತವನ್ನು ಸ್ಪೀಕರ್ ನಡೆಸುವಷ್ಟು ಬಲಪಡಿಸುವ ಈ ಉಪಕರಣದ ದೀರ್ಘಾಯುಷ್ಯಕ್ಕೆ ಬೆಲೆಬಾಳುವ ಬಿಡಿಭಾಗಗಳೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಅದರ ಚರಿತ್ರೆಯನ್ನು ಗಮನಿಸಿದರೆ, ಬಿಡಿಭಾಗಗಳು ಕೆಡುವುದು ಖಚಿತವೆಂದು ಒಪ್ಪಿಕೊಂಡು, ಅವನ್ನು ಬದಲಿಸಲು ದಾರಿ ಬಿಟ್ಟ ವಿನ್ಯಾಸವೂ, ತಾನು ಮಾರಿದ ಹಳೆಯ ಸರಕಿಗೆ ಹೊಣೆಯಾಗಿ ನಿಂತ ತಯಾರಕನ ನಡವಳಿಕೆಯೂ ಈ ಬಾಳಿಕೆಯ ನಿಜವಾದ ಆಧಾರಗಳೆಂದು ತಿಳಿಯುತ್ತದೆ.

ಈ ಚರಿತ್ರೆಯ ತಾಂತ್ರಿಕ ತಳಹದಿಯನ್ನು 1927ರಲ್ಲಿ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಹಾಕಿದರು. ಆಂಪ್ಲಿಫೈಯರಿನಿಂದ ಹೊರಬರುವ ಸಂಕೇತದ ಒಂದು ಅಂಶವನ್ನು ತಲೆಕೆಳಗಾಗಿಸಿ ಒಳಬರುವ ಸಂಕೇತಕ್ಕೆ ಕೂಡಿಸಿದರೆ, ಬಲವರ್ಧನೆ ಕಡಿಮೆಯಾದರೂ ಧ್ವನಿಯ ವಿರೂಪ ಬಹಳ ಮಟ್ಟಿಗೆ ತಗ್ಗುತ್ತದೆ ಎಂಬ ಅವರ ತತ್ತ್ವವು ಋಣ ಮರುಪೂರಣ ಎನಿಸಿಕೊಂಡಿತು. ಇದನ್ನು ಬಳಸಿಯೇ ಲಂಡನ್ನಿನ ಹೆರಾಲ್ಡ್ ಲೀಕ್ 1945ರಲ್ಲಿ ಶೇ. 0.1ರಷ್ಟು ಮಾತ್ರ ವಿರೂಪವಿರುವ ಆಂಪ್ಲಿಫೈಯರನ್ನು ಮಾರುಕಟ್ಟೆಗೆ ತಂದರೆ, 1947ರಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ತಮ್ಮ 15 ವ್ಯಾಟ್ ಆಂಪ್ಲಿಫೈಯರಿನ ಸರ್ಕ್ಯೂಟ್ ನಕ್ಷೆಯನ್ನು, ಅದರ ಟ್ರಾನ್ಸ್‌ಫಾರ್ಮರಿನ ವಿವರಗಳ ಸಮೇತ, ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅನೇಕ ದೇಶಗಳ ಹವ್ಯಾಸಿಗಳು ಅದನ್ನು ತಾವೇ ಜೋಡಿಸಿಕೊಂಡರು. ಯಂತ್ರದ ಒಳಗುಟ್ಟು ಕೊಂಡವನಿಗೂ ದುರಸ್ತಿ ಮಾಡುವವನಿಗೂ ತಿಳಿದಿರಬೇಕು ಎಂಬ ವಾಡಿಕೆಗೆ ಇಂಥ ಪ್ರಕಟಣೆಗಳು ಬಲ ಕೊಟ್ಟವು.

ಆ ವಾಡಿಕೆಯ ಫಲವನ್ನು ಸ್ಪಷ್ಟವಾಗಿ ಕಾಣಬಹುದಾದದ್ದು ಇಂಗ್ಲೆಂಡಿನ ಹಂಟಿಂಗ್‌ಡನ್ ಎಂಬ ಸಣ್ಣ ಊರಿನಲ್ಲಿ. ಪೀಟರ್ ವಾಕರ್ 1936ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಅಕೌಸ್ಟಿಕಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯು ಯುದ್ಧಕಾಲದ ಬಾಂಬ್ ದಾಳಿಯ ನಂತರ 1941ರಲ್ಲಿ ಅಲ್ಲಿಗೆ ಸ್ಥಳಾಂತರಗೊಂಡು, 1953ರಲ್ಲಿ ಕ್ವಾಡ್ 2 ಎಂಬ 15 ವ್ಯಾಟ್ ಆಂಪ್ಲಿಫೈಯರನ್ನು ಹೊರತಂದಿತು. ಧ್ವನಿಯ ಏರಿಳಿತವನ್ನು ಹೊಂದಿಸುವ ನಿಯಂತ್ರಣ ಘಟಕ ಇದರಲ್ಲಿ ಪ್ರತ್ಯೇಕವಾಗಿತ್ತು; ಒಂದು ಆಂಪ್ಲಿಫೈಯರ್ ಒಂದೇ ಸ್ಪೀಕರಿಗೆ ಮೀಸಲಾಗಿತ್ತು. 1958ರಲ್ಲಿ ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದಾಗ ಈ ಬಿಡಿಬಿಡಿ ವ್ಯವಸ್ಥೆಯೇ ಮಾಲೀಕನ ನೆರವಿಗೆ ಬಂದಿತು. ಇದ್ದದ್ದನ್ನು ಎಸೆಯದೆ ಅಂಥದೇ ಇನ್ನೊಂದನ್ನು ಪಕ್ಕದಲ್ಲಿರಿಸಿ, ಮರುವರ್ಷ ಬಂದ ಕ್ವಾಡ್ 22 ಎಂಬ ಸ್ಟೀರಿಯೊ ನಿಯಂತ್ರಣ ಘಟಕವನ್ನು ಜೋಡಿಸಿಕೊಂಡರೆ ಸಾಕಾಗುತ್ತಿತ್ತು.

ಆದರೂ ಕ್ವಾಡ್ 2 ಮುಪ್ಪಿಲ್ಲದ ಯಂತ್ರವೇನಲ್ಲ, ಮತ್ತು ಅದು ಮುಪ್ಪಾಗುವ ಬಗೆ ದುರಸ್ತಿಗಾರರಿಗೆ ಚೆನ್ನಾಗಿ ತಿಳಿದಿದೆ. ಸಂಕೇತವನ್ನು ಒಂದು ಹಂತದಿಂದ ಮುಂದಿನದಕ್ಕೆ ದಾಟಿಸುತ್ತ, ಏಕಮುಖ ವಿದ್ಯುತ್ತನ್ನು ತಡೆಹಿಡಿಯಬೇಕಾದ 0.1 ಮೈಕ್ರೊಫ್ಯಾರಡ್‌ನ ಎರಡು ಕೆಪ್ಯಾಸಿಟರುಗಳು ವಯಸ್ಸಾದಂತೆ ಸೋರತೊಡಗುತ್ತವೆ. ಹಾಗೆ ಸೋರಿದ ವಿದ್ಯುತ್ತಿನಿಂದ ಸಂಕೇತಕ್ಕೆ ಬಲ ತುಂಬುವ ನಿರ್ವಾತ ಗಾಜಿನ ಕೊಳವೆಗಳಾದ, ಕೆಟಿ66 ಎಂಬ ಜೋಡಿ ವಾಲ್ವುಗಳು ಮಿತಿಮೀರಿದ ಪ್ರವಾಹವನ್ನು ಎಳೆದುಕೊಳ್ಳುತ್ತವೆ. ಆ ಎರಡಕ್ಕೂ ಸೇರಿ ಇರುವ 180 ಓಮ್‌ನ ಒಂದೇ ರೆಸಿಸ್ಟರ್ ಕಾದು ಕಾದು ತನ್ನ ಬೆಲೆ ತಪ್ಪುತ್ತದೆ. ಇಷ್ಟಕ್ಕೇ ಎಚ್ಚೆತ್ತರೆ ಅಗ್ಗದ ಕೆಲವು ಭಾಗಗಳನ್ನು ಬೆಸುಗೆ ಬಿಡಿಸಿ ಬದಲಿಸಿದರೆ ಮುಗಿಯುತ್ತದೆ. ಉದಾಸೀನ ಮಾಡಿದರೆ ವಾಲ್ವಿನ ಒಳಗಿನ ಲೋಹದ ಫಲಕ ಕೆಂಪಗೆ ಕಾಯುವಲ್ಲಿಗೆ ಹೋಗಿ, ಕೊನೆಗೆ ಸ್ಪೀಕರಿಗೆ ಶಕ್ತಿ ಒದಗಿಸುವ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು. ದೀರ್ಘಕಾಲದ ಒಡೆತನವೆಂದರೆ ಕೆಡುವವರೆಗೆ ಬಳಸುವುದಲ್ಲ, ಕೆಡುವ ಮುನ್ನ ಬದಲಿಸುವುದು ಎಂಬ ಪಾಠ ಮಾಲೀಕರಿಗೆ ಸಿಕ್ಕಿದ್ದು ಇಂಥ ಅನುಭವಗಳಿಂದಲೇ.

ವಾಲ್ವುಗಳ ಜಾಗಕ್ಕೆ ಟ್ರಾನ್ಸಿಸ್ಟರುಗಳು ಬಂದಾಗಲೂ ಹಂಟಿಂಗ್‌ಡನ್‌ನ ಕಾರ್ಖಾನೆ ಈ ದಾರಿ ಬಿಡಲಿಲ್ಲ. 1967ರ ಕ್ವಾಡ್ 33 ನಿಯಂತ್ರಣ ಘಟಕದ ಒಳಗಿನ ಸರ್ಕ್ಯೂಟ್ ಫಲಕಗಳನ್ನು ಸೆಳೆದು ತೆಗೆದು ಮತ್ತೆ ಸಿಕ್ಕಿಸಬಹುದಾಗಿತ್ತು, ಅದರ ಜೊತೆಯ 303 ಆಂಪ್ಲಿಫೈಯರ್ 1980ರ ದಶಕದವರೆಗೂ ತಯಾರಾಗುತ್ತಿತ್ತು, ಮತ್ತು ಕಂಪನಿಯ ದುರಸ್ತಿ ವಿಭಾಗವು ಮಾರಾಟ ನಿಂತು ಎಷ್ಟೋ ವರ್ಷಗಳಾದ ಮಾದರಿಗಳನ್ನೂ ಕೈಗೆತ್ತಿಕೊಳ್ಳುತ್ತಿತ್ತು.

ಅಮೆರಿಕದಲ್ಲಿ ಇದೇ ಹೊಣೆಗಾರಿಕೆ ಮತ್ತೊಂದು ರೂಪ ತಾಳಿತು. 1961ರಲ್ಲಿ ಎಂಸಿ275 ಎಂಬ, ಪ್ರತಿ ಚಾನೆಲ್‌ಗೆ 75 ವ್ಯಾಟ್ ಕೊಡುವ ವಾಲ್ವ್ ಆಂಪ್ಲಿಫೈಯರನ್ನು ಹೊರತಂದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನ ಮ್ಯಾಕಿಂಟಾಷ್ ಕಂಪನಿಯು, ಮರುವರ್ಷದಿಂದ ಊರೂರಿನ ಅಂಗಡಿಗಳಲ್ಲಿ ‘ಆಂಪ್ಲಿಫೈಯರ್ ಕ್ಲಿನಿಕ್’ ಎಂಬ ತಪಾಸಣಾ ಶಿಬಿರಗಳನ್ನು ನಡೆಸತೊಡಗಿತು. ಯಾವ ಕಂಪನಿಯ ಆಂಪ್ಲಿಫೈಯರನ್ನೇ ತಂದರೂ ಅದರ ಶಕ್ತಿ ಮತ್ತು ವಿರೂಪಗಳನ್ನು ಹಣ ಪಡೆಯದೆ ಅಳೆದು, ಫಲಿತಾಂಶವನ್ನು ರೇಖಾಚಿತ್ರದಲ್ಲಿ ಗುರುತಿಸಿ ಮಾಲೀಕನ ಕೈಗೆ ಕೊಡುತ್ತಿದ್ದ ಈ ಶಿಬಿರಗಳು ಸುಮಾರು ಮೂರು ದಶಕ ನಡೆದವು. ಇದರ ಹಿಂದೆ ವ್ಯಾಪಾರದ ಲೆಕ್ಕಾಚಾರ ಇದ್ದೇ ಇತ್ತು. ಆದರೆ ಕಿವಿಗೆ ಸರಿಯೆನಿಸಿದ ಯಂತ್ರವೂ ಒಳಗೊಳಗೇ ಸೊರಗಿರಬಹುದು, ಅದನ್ನು ಆಗಾಗ ಅಳೆದು ನೋಡಬೇಕು ಎಂಬ ಅರಿವು ಸಾಮಾನ್ಯ ಕೇಳುಗರಿಗೆ ಬಂದುದರಲ್ಲಿ ಈ ಶಿಬಿರಗಳ ಪಾಲು ದೊಡ್ಡದು.

ಬಿಡಿಭಾಗಗಳ ಪೂರೈಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1980ರ ದಶಕದಲ್ಲಿ, ಪಶ್ಚಿಮದ ವಾಲ್ವ್ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದಾಗ. ಕೆಟಿ66 ತಯಾರಿಸುತ್ತಿದ್ದ ಲಂಡನ್ನಿನ ಎಂ-ಓ ವಾಲ್ವ್ ಕಂಪನಿ 1988ರಲ್ಲಿ ಮುಚ್ಚಿತು. ಆ ಕೊರತೆಯನ್ನು ಮುಂದೆ ರಷ್ಯಾ, ಚೀನಾ ಮತ್ತು ಸ್ಲೊವಾಕಿಯಾದ ಕಾರ್ಖಾನೆಗಳು ತುಂಬಿಕೊಟ್ಟವು. ಬೆಂಗಳೂರಿನ ಜಾಲಹಳ್ಳಿಗೂ ಈ ಚರಿತ್ರೆಯಲ್ಲೊಂದು ಸ್ಥಾನವಿದೆ. 1954ರಲ್ಲಿ ಸ್ಥಾಪನೆಯಾದ ಅಲ್ಲಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸಂಸ್ಥೆ ದೇಶದ ರೇಡಿಯೊಗಳಿಗಾಗಿ ತಯಾರಿಸಿದ ವಾಲ್ವುಗಳಲ್ಲಿ ಇಎಲ್84 ಕೂಡ ಒಂದು. ಲೀಕ್ ಕಂಪನಿಯ ಸ್ಟೀರಿಯೊ 20ರಂಥ ಆಂಪ್ಲಿಫೈಯರುಗಳಿಗೆ ಬೇಕಾದದ್ದೂ ಅದೇ ಆದ್ದರಿಂದ, ಬಳಕೆಯಾಗದೆ ಉಳಿದ ಬಿಇಎಲ್ ವಾಲ್ವುಗಳಿಗೆ ಹೊರದೇಶದ ಹವ್ಯಾಸಿಗಳಲ್ಲಿಯೂ ಗಿರಾಕಿಗಳಿದ್ದಾರೆ.

ವಾಲ್ವನ್ನು ಹಲವರು ತಯಾರಿಸಬಲ್ಲರು, ಕೆಪ್ಯಾಸಿಟರಿಗೆ ಸಮನಾದದ್ದು ಎಲ್ಲೆಡೆ ಸಿಗುತ್ತದೆ. ಆದರೆ ಒಂದೇ ಕಂಪನಿಗೆ ಸೀಮಿತವಾದ ಐಸಿ, ಅಂದರೆ ಹಲವು ಬಿಡಿಭಾಗಗಳ ಕೆಲಸವನ್ನು ಒಂದೇ ಚಿಪ್ಪಿನಲ್ಲಿ ಅಡಗಿಸಿದ ಭಾಗ, ಒಮ್ಮೆ ಮಾರುಕಟ್ಟೆಯಿಂದ ಮರೆಯಾದರೆ ಅದಕ್ಕೆ ಬದಲಿಯಿಲ್ಲ. ಅಂತರ್ಜಾಲದಿಂದ ಸಂಗೀತ ಪಡೆಯುವ ಫಲಕವನ್ನೂ ತನ್ನೊಳಗೇ ಇರಿಸಿಕೊಂಡ ಈಚಿನ ದುಬಾರಿ ಆಂಪ್ಲಿಫೈಯರುಗಳಲ್ಲಿ, ತಂತ್ರಾಂಶದ ಪರಿಷ್ಕರಣೆ ನಿಂತ ದಿನವೇ ಆ ಫಲಕ ಹಳತಾಗುತ್ತದೆ. ಉಳಿದ ಭಾಗವೆಲ್ಲ ಗಟ್ಟಿಯಾಗಿಯೇ ಇರುತ್ತದೆ. ಆದ್ದರಿಂದ ಇಂದು ಹೆಚ್ಚಿನ ಹಣ ತೆತ್ತು ಆಂಪ್ಲಿಫೈಯರ್ ಕೊಳ್ಳುವವರು ಅದರ ನಾದವನ್ನು ಪರೀಕ್ಷಿಸಿದರೆ ಸಾಲದು. ಸರ್ಕ್ಯೂಟ್ ನಕ್ಷೆ ದೊರೆಯುತ್ತದೆಯೇ, ಬಿಡಿಭಾಗಗಳು ಬೇರೆಡೆಯೂ ಸಿಗುತ್ತವೆಯೇ, ಕಂಪನಿ ತನ್ನ ಇಪ್ಪತ್ತು ವರ್ಷದ ಹಿಂದಿನ ಮಾದರಿಯನ್ನು ಈಗಲೂ ದುರಸ್ತಿ ಮಾಡಿಕೊಡುತ್ತದೆಯೇ ಎಂದು ಕೇಳಿ ತಿಳಿದುಕೊಂಡೇ ಹಣ ಕೊಡಬೇಕು.